ಮಡ್ಗಾರ್ಡಿನ ಅಂಚನ್ನು ಅಗಲಿಸುವ ವಿಚಾರ

ಜಯನಗರದ ನಾಲ್ಕನೆಯ ಬ್ಲಾಕಿನಿಂದ ಬನಶಂಕರಿಯ ಕಡೆಗಾಗಲಿ ಜೆ.ಪಿ. ನಗರದ ಕಡೆಗಾಗಲಿ ಸಂಜೆಯ ಹೊತ್ತು ಹೋಗತಕ್ಕವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕಾರ್ಖಾನೆಯಿಂದ ಹೊರಟಾಗ ಸಾಧುವಾಗಿದ್ದ ಕೆಲವು ಮೋಟಾರು ಬಂಡಿಗಳು ಒಡೆಯನ ಕೈಸೇರಿದ ಸ್ವಲ್ಪ ಕಾಲದಲ್ಲಿಯೇ ಭುಜ ಉಬ್ಬಿಸಿದ ಜಟ್ಟಿಗಳಂತೆ ಕಾಣತೊಡಗುತ್ತವೆ. ಚಕ್ರದ ಮೇಲಿನ ಕಮಾನಿಗೆ ಕಪ್ಪು ಬಣ್ಣದ ದಪ್ಪ ಪಟ್ಟಿಯೊಂದು ಸೇರಿರುತ್ತದೆ. ಅದರ ಕೆಳಗೆ ಮೊದಲಿದ್ದುದಕ್ಕಿಂತ ಅಗಲವಾದ ಟೈರು ಇರುತ್ತದೆ. ಕೆಲವು ವೇಳೆ ಮೊದಲಿದ್ದ ಟೈರೇ ಇರುವುದೂ ಉಂಟು. ಈ ಪಟ್ಟಿಗೆ ಫೆಂಡರ್ ಫ್ಲೇರ್ ಎಂದು ಹೆಸರು. ನಮ್ಮ ಜನರು ಮಡ್ಗಾರ್ಡು ಎಂಬ ಮಾತನ್ನು ಬಹುಕಾಲದಿಂದ ಬಳಸುತ್ತ ಬಂದಿರುವುದರಿಂದ ಇದನ್ನು ಮಡ್ಗಾರ್ಡಿನ ಅಂಚುಪಟ್ಟಿ ಎಂದು ಕರೆದರೆ ತಪ್ಪಾಗಲಾರದು.

ಈ ಅಂಚುಪಟ್ಟಿಯನ್ನು ಕುರಿತು ನಮ್ಮ ಕಿವಿಗೆ ಬೀಳುವ ಮಾತುಗಳು ಎರಡೇ ಬಗೆಯವು. ಹಿರಿಯರು ಇದನ್ನು ಹಣ ಹೆಚ್ಚಾದವರ ಹುಚ್ಚೆಂದು ತಳ್ಳಿಹಾಕುತ್ತಾರೆ. ತರುಣರು, ಬಂಡಿ ನಮ್ಮದು, ಇಷ್ಟವೂ ನಮ್ಮದು ಎನ್ನುತ್ತಾರೆ. ಇಬ್ಬರೂ ಅಳತೆಗೋಲನ್ನು ಕೈಗೆ ತೆಗೆದುಕೊಂಡವರಲ್ಲ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು: ಮೈಯಿಂದ ಹೊರಕ್ಕೆ ಚಾಚಿದ ಚಕ್ರವುಳ್ಳ ಬಂಡಿಗೆ ಅಂಚುಪಟ್ಟಿ ಅಲಂಕಾರವಲ್ಲ, ಅದು ತೀರಿಸಲೇಬೇಕಾದ ಋಣ, ಆದರೆ ತೀರಿಸುವ ಸೊಗಸಿಗಾಗಿ ಸಾಲ ಮಾಡುವುದು ವಿವೇಕವಲ್ಲ. ಈ ಮಾತಿಗೆ ಆಧಾರವೇನೆಂಬುದನ್ನು ಈಗ ನೋಡೋಣ.

ಮಡ್ಗಾರ್ಡಿನ ಕೆಲಸವೇನು? ಕೆಸರು ತಡೆಯುವುದು ಎಂದು ಅದರ ಹೆಸರೇ ಹೇಳುತ್ತದೆ. ಆದರೆ ಎಷ್ಟು ಬಲದಿಂದ ಬರುವ ಕೆಸರನ್ನು, ಯಾರ ಸಲುವಾಗಿ ತಡೆಯುವುದು ಎಂಬುದು ಹೆಸರಿನಲ್ಲಿಲ್ಲ. ಉರುಳುವ ಚಕ್ರದ ಹೊರ ಅಂಚಿನಲ್ಲಿರುವ ಪ್ರತಿಯೊಂದು ಬಿಂದುವೂ, ಬಂಡಿಯಲ್ಲಿ ಕುಳಿತವನ ದೃಷ್ಟಿಯಲ್ಲಿ, ಬಂಡಿಯಷ್ಟೇ ವೇಗದಿಂದ ಸುತ್ತುತ್ತಿರುತ್ತದೆ. ಬಂಡಿ ಗಂಟೆಗೆ ೬೦ ಕಿಲೋಮೀಟರು, ಎಂದರೆ ಸೆಕೆಂಡಿಗೆ ಸುಮಾರು ೧೬.೭ ಮೀಟರು ವೇಗದಲ್ಲಿದೆಯೆನ್ನೋಣ. ಚಕ್ರದ ತ್ರಿಜ್ಯ ೩೫ ಸೆಂಟಿಮೀಟರು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ದೊರೆಯುತ್ತದೆಂಬುದು ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಕಲಿತವರಿಗೆಲ್ಲ ಗೊತ್ತು. ಭಾಗಿಸಿ ನೋಡಿದರೆ ಬರುವ ಸಂಖ್ಯೆ ಸುಮಾರು ೭೯೦. ಗುರುತ್ವದ ವೇಗೋತ್ಕರ್ಷದ ಎಂಬತ್ತರಷ್ಟು! ಟೈರಿನ ಗೀರುಗಳ ನಡುವೆ ಸಿಕ್ಕಿಕೊಂಡ ಹತ್ತು ಗ್ರಾಮಿನ ಜಲ್ಲಿಕಲ್ಲನ್ನು ಅಲ್ಲಿಯೇ ಹಿಡಿದಿಡಬೇಕಾದರೆ ರಬ್ಬರು ಅದನ್ನು ಸುಮಾರು ಎಂಟುನೂರು ಗ್ರಾಮು ತೂಕದಷ್ಟು ಬಲದಿಂದ ಒಳಕ್ಕೆ ಎಳೆಯುತ್ತಿರಬೇಕು. ಅಷ್ಟು ಬಿಗಿ ಇಲ್ಲದಿದ್ದರೆ ಕಲ್ಲು ಸ್ಪರ್ಶರೇಖೆಯನ್ನು ಹಿಡಿದು ಹೊರಟುಬಿಡುತ್ತದೆ. ನೀರಿಗೆ ಅಂಥ ಬಿಗಿಯೇ ಇಲ್ಲ.

ಹೊರಟದ್ದು ಎಲ್ಲಿಗೆ ಹೋಗುತ್ತದೆ? ಇದು ಬಹಳ ಸ್ವಾರಸ್ಯವಾದ ಪ್ರಶ್ನೆ. ನೆಲವನ್ನು ಬಿಟ್ಟು ಮೇಲೇಳುತ್ತಿರುವ ಹಿಂಬದಿಯ ಅಂಚಿನಿಂದ ಹಾರಿದ ಹನಿ ಏರಬಹುದಾದ ಗರಿಷ್ಠ ಎತ್ತರವನ್ನು ಲೆಕ್ಕ ಹಾಕಿದರೆ ಮೂರು ಪದಗಳ ಮೊತ್ತ ಬರುತ್ತದೆ: ಚಕ್ರದ ತ್ರಿಜ್ಯ, ವೇಗದ ವರ್ಗವನ್ನು ಗುರುತ್ವದ ಇಮ್ಮಡಿಯಿಂದ ಭಾಗಿಸಿದ್ದು, ಗುರುತ್ವವನ್ನು ತ್ರಿಜ್ಯದ ವರ್ಗದಿಂದ ಗುಣಿಸಿ ವೇಗದ ವರ್ಗದ ಇಮ್ಮಡಿಯಿಂದ ಭಾಗಿಸಿದ್ದು. ವೇಗ ಹೆಚ್ಚಾದಾಗ ಮೂರನೆಯದು ನಗಣ್ಯ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಈ ಮೊತ್ತ ಹದಿನಾಲ್ಕೂವರೆ ಮೀಟರು. ನಾಲ್ಕು ಅಂತಸ್ತಿನ ಮನೆಯ ಎತ್ತರ. ವಾಯುವಿನ ತಡೆಯಿಂದ ಸಣ್ಣ ಹನಿಗಳು ಅಷ್ಟು ದೂರ ಹೋಗಲಾರವು, ಒಡೆದು ಮಂಜಾಗಿ ತೇಲುತ್ತವೆ ಎಂಬುದು ನಿಜ; ಕಲ್ಲಿಗೆ ಆ ರಿಯಾಯಿತಿ ಬಹಳ ಕಡಮೆ. ಇದೇ ಲೆಕ್ಕವನ್ನು ಮಡ್ಗಾರ್ಡು ಕಳಚಿದ ಸೈಕಲ್ಲಿಗೆ ಮಾಡಿನೋಡಿ. ಗಂಟೆಗೆ ೧೦ ಕಿಲೋಮೀಟರಿನಲ್ಲಿ ಹನಿ ಏರುವುದು ಸುಮಾರು ೮೦ ಸೆಂಟಿಮೀಟರು, ಸೀಟಿನ ಆಸುಪಾಸಿಗೆ. ಗಂಟೆಗೆ ೧೫ ಕಿಲೋಮೀಟರಿನಲ್ಲಿ ಒಂದೂಕಾಲು ಮೀಟರು, ಸವಾರನ ಬೆನ್ನಿನ ಮೇಲ್ಭಾಗಕ್ಕೆ. ಮಳೆಗಾಲದಲ್ಲಿ ಬಿಳಿ ಅಂಗಿ ತೊಟ್ಟು ಶಾಲೆಗೆ ಹೋದ ಹುಡುಗರ ಬೆನ್ನಿನ ಮೇಲೆ ಕೆಸರಿನ ಉದ್ದಗೆರೆ ಬರೆದಿರುವುದು ಈ ಸೂತ್ರವನ್ನೇ.

ಕಾರಿನ ಕಲ್ಲಿನ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ರಸ್ತೆಯ ಬದಿಯಲ್ಲಿ ನಿಂತವನಿಗೆ ಚಕ್ರದ ಕೆಳತುದಿ ಕ್ಷಣಮಾತ್ರ ನಿಶ್ಚಲ, ಮೇಲ್ತುದಿ ಬಂಡಿಯ ಇಮ್ಮಡಿ ವೇಗ. ಆದರೆ ಕಾರಿನ ಹಿಂದೆ ಅದೇ ವೇಗದಲ್ಲಿ ಸ್ಕೂಟರಿನ ಮೇಲೆ ಬರುತ್ತಿರುವವನಿಗೆ ಆ ದೃಷ್ಟಿ ದಕ್ಕುವುದಿಲ್ಲ. ಅವನ ಪಾಲಿಗೆ ಕಲ್ಲು ಯಾವ ಕೋನದಲ್ಲಿ ಹೊರಟರೂ ಗಂಟೆಗೆ ೬೦ ಕಿಲೋಮೀಟರು ವೇಗದಿಂದಲೇ ಹೊರಟದ್ದು. ಕೆಳತುದಿಯಿಂದ ೪೫ ಡಿಗ್ರಿ ಮೇಲೆ ಹೊರಟ ಕಲ್ಲು, ವಾಯುವಿನ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಕಾರಿಗಿಂತ ೨೮ ಮೀಟರು ಹಿಂದೆ ಬೀಳಬಲ್ಲದು. ನಮ್ಮ ಕನಕಪುರ ರಸ್ತೆಯಲ್ಲಾಗಲಿ ಬನ್ನೇರುಘಟ್ಟ ರಸ್ತೆಯಲ್ಲಾಗಲಿ ಹಿಂದಿನವನು ೨೮ ಮೀಟರು ಬಿಟ್ಟು ಬರುವುದನ್ನು ಕಂಡವರಿದ್ದಾರೆಯೆ? ಹತ್ತು ಗ್ರಾಮಿನ ಆ ಕಲ್ಲಿನ ಚಲನಶಕ್ತಿ ಒಂದು ಮೀಟರು ಎತ್ತರದಿಂದ ಕೈಬಿಟ್ಟ ೧೪೦ ಗ್ರಾಮಿನ ಕಲ್ಲಿನದಕ್ಕೆ ಸಮ. ಬೆನ್ನಿಗೆ ಬಿದ್ದರೆ ನೋವು. ಮುಖಗವಚವನ್ನು ಮೇಲೆತ್ತಿಕೊಂಡು ಬರುತ್ತಿರುವವನ ಕಣ್ಣಿಗೆ ಬಿದ್ದರೆ ಆಗುವುದನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನ ನೋಂದಾಯಿತ ವಾಹನಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ದ್ವಿಚಕ್ರಗಳು. ಆದುದರಿಂದ ಮಡ್ಗಾರ್ಡು ಬಂಡಿಯ ಒಡೆಯನಿಗಾಗಿ ಇರುವ ಭಾಗವಲ್ಲ. ಅವನು ಗಾಜು ಏರಿಸಿ ಒಳಗೆ ಸುಖವಾಗಿ ಕುಳಿತಿದ್ದಾನೆ. ಬಂಡಿಯಲ್ಲಿ ಪರರಿಗಾಗಿ ಇರುವ ಭಾಗಗಳು ಬಹಳಿಲ್ಲ. ಹಿಂಬದಿಯ ಕೆಂಪು ದೀಪ ಒಂದು, ಇದು ಇನ್ನೊಂದು.

ಯುರೋಪಿನ ದೇಶಗಳು ೧೯೭೮ರಲ್ಲಿ ಈ ಬಗ್ಗೆ ಒಂದು ನಿರ್ದೇಶವನ್ನು ಹೊರಡಿಸಿದುವು. ಚಕ್ರದ ನಡುಬಿಂದುವಿನಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ ಎಳೆದರೆ, ಅದರ ಮುಂದಕ್ಕೆ ೩೦ ಡಿಗ್ರಿ, ಹಿಂದಕ್ಕೆ ೫೦ ಡಿಗ್ರಿಯೊಳಗೆ ಟೈರಿನ ಪೂರ್ಣ ಅಗಲವನ್ನು ಮಡ್ಗಾರ್ಡು ಮುಚ್ಚಿರಬೇಕು ಎಂಬುದು ಅದರ ತಿರುಳು. ಹಿಂದಕ್ಕೆ ಹೆಚ್ಚು, ಮುಂದಕ್ಕೆ ಕಡಮೆ ಏಕೆಂಬುದನ್ನು ಮೇಲಿನ ಲೆಕ್ಕವನ್ನು ಅನುಸರಿಸಿದವರು ತಾವೇ ಹೇಳಬಲ್ಲರು.

ಈಗ ಟೈರಿನ ವಿಚಾರ. ಅಂಚುಪಟ್ಟಿಗೆ ಕಾರಣ ಅಗಲವಾದ ಟೈರು. ಅಗಲವಾದ ಟೈರಿಗೆ ಕಾರಣವೇನೆಂದು ಕೇಳಿದರೆ, ಹಿಡಿತ ಹೆಚ್ಚಾಗುತ್ತದೆ ಎಂಬ ಉತ್ತರ ತಪ್ಪದೆ ಬರುತ್ತದೆ. ಒಣರಸ್ತೆಯಲ್ಲಿ, ಮೃದುವಾದ ರಬ್ಬರಾಗಿದ್ದರೆ, ಇದರಲ್ಲಿ ಸತ್ಯಾಂಶವಿದೆ. ಘರ್ಷಣೆಯು ಸ್ಪರ್ಶದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲವೆಂಬ ಪಠ್ಯಪುಸ್ತಕದ ನಿಯಮವನ್ನು ರಬ್ಬರು ಅಷ್ಟಾಗಿ ಪಾಲಿಸುವುದಿಲ್ಲ. ಆದರೆ ನಮ್ಮ ಊರಿನ ರಸ್ತೆ ವರ್ಷದಲ್ಲಿ ಹಲವು ತಿಂಗಳು ಒಣಗಿರುವುದಿಲ್ಲ. ನೆನೆದ ರಸ್ತೆಯ ಮೇಲೆ ಟೈರು ಏನು ಮಾಡುತ್ತದೆಂದು ನೋಡಿ. ಒಂದು ಚಕ್ರದ ಮೇಲೆ ೪೦೦ ಕಿಲೋಗ್ರಾಮು ಭಾರವಿದ್ದು ಟೈರಿನೊಳಗಿನ ಗಾಳಿಯ ಒತ್ತಡ ೩೨ ಪೌಂಡು ಇದ್ದರೆ, ನೆಲಕ್ಕೆ ತಾಗುವ ಭಾಗದ ವಿಸ್ತೀರ್ಣ ಸುಮಾರು ೧೮೦ ಚದರ ಸೆಂಟಿಮೀಟರು, ಒಂದು ಅಂಗೈಯ ಆಸುಪಾಸು. ಭಾರವನ್ನು ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆಯಿದು. ಇದರಲ್ಲಿ ಟೈರಿನ ಅಗಲದ ಪ್ರಸ್ತಾಪವೇ ಇಲ್ಲ! ಟೈರು ೧೮ ಸೆಂಟಿಮೀಟರು ಅಗಲವಾಗಿದ್ದರೆ ಆ ಭಾಗ ೧೦ ಸೆಂಟಿಮೀಟರು ಉದ್ದವಾಗಿರುತ್ತದೆ; ಟೈರನ್ನು ೨೪ ಸೆಂಟಿಮೀಟರಿಗೆ ಅಗಲಿಸಿದರೆ ಉದ್ದ ಏಳೂವರೆಗೆ ಇಳಿಯುತ್ತದೆ. ವಾಸ್ತವದಲ್ಲಿ ಟೈರಿನ ಗೋಡೆಯ ಬಿಗುವು ಈ ಲೆಕ್ಕವನ್ನು ಸ್ವಲ್ಪ ಕದಲಿಸುತ್ತದೆ, ಆದರೆ ತಲೆಕೆಳಗು ಮಾಡುವುದಿಲ್ಲ.

ರಸ್ತೆಯ ಮೇಲೆ ಎರಡು ಮಿಲಿಮೀಟರು ನೀರು ನಿಂತಿದೆಯೆನ್ನೋಣ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ೧೮ ಸೆಂಟಿಮೀಟರಿನ ಟೈರು ಪ್ರತಿ ಸೆಕೆಂಡಿಗೆ ಆರು ಲೀಟರು ನೀರನ್ನು ತನ್ನ ದಾರಿಯಿಂದ ಹೊರದಬ್ಬಬೇಕು. ೨೪ ಸೆಂಟಿಮೀಟರಿನದು ಎಂಟು ಲೀಟರು ದಬ್ಬಬೇಕು, ಅದೂ ಸೆಕೆಂಡಿನ ಸಾವಿರದ ಆರು ಭಾಗಕ್ಕೆ ಬದಲಾಗಿ ನಾಲ್ಕೂವರೆ ಭಾಗದೊಳಗೆ. ದಬ್ಬಲಾರದೆ ಹೋದರೆ ಟೈರು ನೀರಿನ ಮೇಲೆ ಏರಿ ದೋಣಿಯಂತೆ ತೇಲುತ್ತದೆ. ಆಗ ಸ್ಟಿಯರಿಂಗಿಗೂ ಬ್ರೇಕಿಗೂ ಕೆಲಸವಿಲ್ಲ. ಅಮೆರಿಕದ ನಾಸಾ ಸಂಸ್ಥೆಯ ಲ್ಯಾಂಗ್ಲಿ ಸಂಶೋಧನ ಕೇಂದ್ರದಲ್ಲಿ ೧೯೬೦ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿದವರು, ಹೀಗೆ ತೇಲತೊಡಗುವ ವೇಗವು ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆಂದು ಕಂಡುಕೊಂಡರು. ಅವರ ಸೂತ್ರದಂತೆ, ಗೀರು ಸವೆದ ಟೈರಿಗೆ ೩೦ ಪೌಂಡು ಒತ್ತಡದಲ್ಲಿ ಆ ವೇಗ ಗಂಟೆಗೆ ಸುಮಾರು ೯೧ ಕಿಲೋಮೀಟರು; ೨೦ ಪೌಂಡಿನಲ್ಲಿ ಸುಮಾರು ೭೪. ಕಾಡುದಾರಿಗೆಂದು ಗಾಳಿ ಇಳಿಸಿ, ಹಾಗೆಯೇ ಹೆದ್ದಾರಿ ಹಿಡಿದು ಊರಿಗೆ ಮರಳುವ ಸಾಹಸಿಗಳು ಈ ಎರಡು ಸಂಖ್ಯೆಗಳನ್ನು ಮರೆಯಬಾರದು.

ಹೊರದಬ್ಬಿದ ಆ ಎಂಟು ಲೀಟರು ನೀರಾದರೂ ಮಾಯವಾಗುವುದಿಲ್ಲ. ಅದು ಹಿಂದಕ್ಕೂ ಪಕ್ಕಕ್ಕೂ ಹೋಗುತ್ತದೆ. ಪಕ್ಕದಲ್ಲಿ ಯಾರಿರುತ್ತಾರೆಂಬುದನ್ನು ಸಿಲ್ಕ್ ಬೋರ್ಡ್ ಕೂಡುದಾರಿಯಲ್ಲಿ ಮಳೆಯ ಸಂಜೆ ನಿಂತವರು ಬಲ್ಲರು.

ಹಾಗಾದರೆ ಅಂಚುಪಟ್ಟಿಗೆ ನ್ಯಾಯವಾದ ಸ್ಥಾನವೇ ಇಲ್ಲವೆ? ಇದೆ, ನಮ್ಮ ದೇಶದಲ್ಲಿಯೇ ಅದಕ್ಕೊಂದು ಒಳ್ಳೆಯ ನಿದರ್ಶನವಿದೆ. ಮಾರುತಿ ಸಂಸ್ಥೆ ೧೯೮೫ರಲ್ಲಿ ಜಿಪ್ಸಿ ಎಂಬ ಬಂಡಿಯನ್ನು ಹೊರತಂದಿತು. ಹಗುರವಾಗಿ ಎತ್ತರವಾಗಿದ್ದ ಈ ಬಂಡಿಯ ಎಡಬಲ ಚಕ್ರಗಳ ನಡುವಿನ ಅಂತರ ಕಿರಿದಾಗಿತ್ತು. ೧೯೯೩ರಲ್ಲಿ ಆ ಅಂತರವನ್ನು ೯೦ ಮಿಲಿಮೀಟರು ಹೆಚ್ಚಿಸಿದರು. ಮುಂದಿನ ಚಕ್ರಗಳ ನಡುವೆ ೧೩೦೦ ಮಿಲಿಮೀಟರು, ಹಿಂದಿನವುಗಳ ನಡುವೆ ೧೩೧೦ ಆಯಿತು. ಮೈಯ ಅಗಲ ಮೊದಲಿದ್ದಷ್ಟೇ ಆದುದರಿಂದ ಚಕ್ರಗಳು ಎರಡು ಬದಿಗೂ ಇಣುಕಿದುವು. ಇಣುಕಿದ್ದನ್ನು ಮುಚ್ಚಲು ಕಾರ್ಖಾನೆಯವರೇ ಮಡ್ಗಾರ್ಡಿನ ಅಂಚನ್ನು ಅಗಲಿಸಿದರು. ಹಳೆಯ ಜಿಪ್ಸಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ದೂರದಿಂದ ಗುರುತಿಸಲು ಆ ಅಂಚೇ ಸಾಕಾಗಿತ್ತು. ೨೦೧೯ರಲ್ಲಿ ಸಾರ್ವಜನಿಕರಿಗೆ ಆ ಬಂಡಿಯ ಮಾರಾಟ ನಿಂತಿತಾದರೂ ಬೆಂಗಳೂರಿನ ರಸ್ತೆಗಳಲ್ಲಿ ಅದನ್ನು ಇಂದೂ ಕಾಣಬಹುದು.

ಇಲ್ಲಿ ಗಮನಿಸತಕ್ಕದ್ದು ಅನುಕ್ರಮ. ಬಂಡಿ ಮಗುಚಬಾರದೆಂಬ ಉದ್ದೇಶ ಮೊದಲು ಬಂತು. ಗುರುತ್ವಕೇಂದ್ರದ ಎತ್ತರ ಬದಲಾಗದೆ ಚಕ್ರಗಳ ಅಂತರ ಹೆಚ್ಚಿದರೆ ಮಗುಚಲು ಬೇಕಾದ ಪಾರ್ಶ್ವಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಉದ್ದೇಶಕ್ಕೆ ತಕ್ಕಂತೆ ಅಚ್ಚನ್ನೇ ಬದಲಿಸಿದರು. ಅಚ್ಚು ಬದಲಾದುದರಿಂದ ಚಕ್ರ ಹೊರಬಂತು, ಚಕ್ರ ಹೊರಬಂದುದರಿಂದ ಅಂಚು ಅಗಲವಾಯಿತು. ಇಂದಿನ ಷೋಕಿಯಲ್ಲಿ ಇದು ತಿರುಗಾಮುರುಗಾ ಆಗಿದೆ. ಅಂಚುಪಟ್ಟಿ ಚೆನ್ನಾಗಿ ಕಾಣುತ್ತದೆಂದು ಅದನ್ನು ಕೊಳ್ಳುತ್ತಾರೆ; ಅದರ ಕೆಳಗೆ ಚಕ್ರ ಒಳಸೇರಿದಂತೆ ಕಾಣುವುದೆಂದು ಚಕ್ರವನ್ನು ಹೊರಕ್ಕೆ ತರಲು ಸ್ಪೇಸರ್ ಎಂಬ ಬಿಲ್ಲೆಯನ್ನು ತೂರಿಸುತ್ತಾರೆ.

ಈ ಬಿಲ್ಲೆಯ ವಿಚಾರದಲ್ಲಿ ನಮಗೆ ಸಿಟ್ಟೇ ಬರುತ್ತದೆ. ಮೂವತ್ತು ಮಿಲಿಮೀಟರು ದಪ್ಪದ ಬಿಲ್ಲೆಯೊಂದು, ೪೦೦ ಕಿಲೋಗ್ರಾಮು ಭಾರ ಹೊತ್ತ ಚಕ್ರವನ್ನು ಹೊರಕ್ಕೆ ತಳ್ಳಿದಾಗ, ಬಂಡಿ ಸುಮ್ಮನೆ ನಿಂತಿರುವಾಗಲೂ ಸುಮಾರು ೧೨೦ ನ್ಯೂಟನ್ ಮೀಟರು ಹೆಚ್ಚಿನ ತಿರುಚು ಬೇರಿಂಗಿನ ಮೇಲೆ ಬೀಳುತ್ತದೆ. ನಲವತ್ತು ಸೆಂಟಿಮೀಟರು ಉದ್ದದ ಸ್ಪ್ಯಾನರಿನ ತುದಿಗೆ ಮೂವತ್ತು ಕಿಲೋಗ್ರಾಮಿನ ಮೂಟೆಯನ್ನು ಹಗಲಿರುಳು ತೂಗುಹಾಕಿದಂತೆ. ಗುಂಡಿಯೊಂದಕ್ಕೆ ಚಕ್ರ ಇಳಿದು ಏಳುವಾಗ ಇದು ಹಲವು ಮಡಿಯಾಗುತ್ತದೆ. ಗುಂಡುಗಳ ಬೇರಿಂಗಿನ ಆಯುಸ್ಸು ಅದರ ಮೇಲಿನ ಭಾರದ ಘನಕ್ಕೆ ವಿಲೋಮವಾಗಿರುತ್ತದೆಂಬುದು ಎಂಜಿನಿಯರುಗಳಿಗೆ ಚಿರಪರಿಚಿತವಾದ ನಿಯಮ. ಭಾರ ನೂರಕ್ಕೆ ೨೬ರಷ್ಟು ಹೆಚ್ಚಾದರೆ ಆಯುಸ್ಸು ಅರ್ಧವಾಗುತ್ತದೆ. ಬೇರಿಂಗು ಸಾಯುವ ಮುನ್ನ ಗುಂಯ್‌ಗುಟ್ಟಿ ಎಚ್ಚರಿಕೆ ಕೊಡುತ್ತದೆಯೆಂಬುದೊಂದು ಸಮಾಧಾನ. ಬಿಲ್ಲೆಯನ್ನು ಹಿಡಿದ ಬೋಲ್ಟು ಮುರಿಯುವಾಗ ಅಷ್ಟು ಸೌಜನ್ಯವನ್ನೂ ತೋರಿಸುವುದಿಲ್ಲ. ಅದಲ್ಲದೆ ಸ್ಟಿಯರಿಂಗಿನ ಕೀಲುರೇಖೆ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರತಕ್ಕ ಅಂತರವನ್ನು ತಯಾರಕರು ಬಹಳ ಯೋಚಿಸಿ ಗೊತ್ತುಮಾಡಿರುತ್ತಾರೆ. ಬಿಲ್ಲೆ ಅದನ್ನು ಕೆಡಿಸುತ್ತದೆ. ಒಂದು ಚಕ್ರ ನೀರಿನಲ್ಲಿ, ಇನ್ನೊಂದು ಒಣನೆಲದಲ್ಲಿರುವಾಗ ಬ್ರೇಕು ಒತ್ತಿದರೆ ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡು ಒಂದು ಬದಿಗೆ ಎಳೆಯುವುದು ಇದರಿಂದಲೇ.

ತೂಕ ಮತ್ತು ಗಾತ್ರದ ಮಾತನ್ನು ಚಿಕ್ಕದಾಗಿ ಮುಗಿಸಬಹುದು. ಚಕ್ರದ ಹೊರ ಅಂಚಿನಲ್ಲಿ ಸೇರಿದ ತೂಕ ಮುಂದಕ್ಕೂ ಚಲಿಸಬೇಕು, ಸುತ್ತಲೂ ಬೇಕು. ಆದುದರಿಂದ ವೇಗ ಏರಿಸುವಾಗ ಅದು ಇಮ್ಮಡಿ ತೂಕದಂತೆ ವರ್ತಿಸುತ್ತದೆ. ಚಕ್ರಕ್ಕೆ ಐದೈದು ಕಿಲೋಗ್ರಾಮು ಹೆಚ್ಚಿಸಿದವನು ಎಂಜಿನ್ನಿನ ಪಾಲಿಗೆ ಇಪ್ಪತ್ತಲ್ಲ, ನಲವತ್ತರ ಹತ್ತಿರ ಹೇರಿದ್ದಾನೆ. ಚಕ್ರದ ವ್ಯಾಸ ನೂರಕ್ಕೆ ಐದರಷ್ಟು ಹೆಚ್ಚಿದರೆ ವೇಗಮಾಪಕ ೬೦ ಎಂದು ತೋರಿಸುವಾಗ ಬಂಡಿ ೬೩ರಲ್ಲಿರುತ್ತದೆ.

ಇನ್ನು ಪಟ್ಟಿಯನ್ನು ಕೂರಿಸುವ ಕೆಲಸ. ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳಲ್ಲಿ ಮೋಟಾರಿನ ಬಿಡಿಭಾಗಗಳು ಎಷ್ಟು ಬಗೆಯಾಗಿ ದೊರೆಯುತ್ತವೆಯೆಂಬುದು ಊರಿಗೆಲ್ಲ ತಿಳಿದದ್ದು. ಅಲ್ಲಿಂದ ತಂದದ್ದನ್ನು ಕೂರಿಸಿಕೊಡುವ ಟಿಂಕರಿಂಗಿನ ಕೆಲಸಗಾರರನ್ನು ನಾವು ಬಹಳ ಗೌರವದಿಂದ ಕಾಣುತ್ತೇವೆ. ಮರಳಿನ ಚೀಲದ ಮೇಲೆ ತಗಡನ್ನಿಟ್ಟು ಮರದ ಸುತ್ತಿಗೆಯಿಂದ ಬಡಿದು ಎರಡು ದಿಕ್ಕಿಗೂ ಬಾಗಿದ ಕಮಾನನ್ನು ಕಣ್ಣಳತೆಯಿಂದಲೇ ಎಬ್ಬಿಸುವ ಕೈಗಳು ಅವು. ಲೋಹ ಎಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಎಂಬುದನ್ನು ಅವರು ಪುಸ್ತಕವಿಲ್ಲದೆ ಬಲ್ಲರು. ಆದರೆ ಇಂದು ಮಾರುಕಟ್ಟೆಗೆ ಬರುವ ಪಟ್ಟಿಗಳು ಹೆಚ್ಚಾಗಿ ಎ.ಬಿ.ಎಸ್. ಪ್ಲಾಸ್ಟಿಕ್ಕಿನವು. ಅವನ್ನು ಕೂರಿಸಲು ಕಲೆ ಬೇಕಾಗಿಲ್ಲ, ತೂತು ಕೊರೆದರೆ ಸಾಕು ಎಂಬ ಭಾವನೆ ಬೆಳೆದಿದೆ. ಕಷ್ಟ ಇರುವುದು ತೂತಿನಲ್ಲಿಯೇ.

ಉಷ್ಣದಿಂದ ಈ ಪ್ಲಾಸ್ಟಿಕ್ಕು ಉಕ್ಕಿಗಿಂತ ಆರೇಳು ಮಡಿ ಹೆಚ್ಚು ಹಿಗ್ಗುತ್ತದೆ. ಕಮಾನಿನ ಉದ್ದಕ್ಕೆ ೧.೨ ಮೀಟರು ಇರುವ ಪಟ್ಟಿ, ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಬಂದು ೩೦ ಡಿಗ್ರಿ ಕಾದಾಗ, ಸುಮಾರು ೩ ಮಿಲಿಮೀಟರು ಉದ್ದವಾಗುತ್ತದೆ. ಅದರ ಕೆಳಗಿನ ಉಕ್ಕು ಅರ್ಧ ಮಿಲಿಮೀಟರೂ ಆಗುವುದಿಲ್ಲ. ದುಂಡುತೂತಿನಲ್ಲಿ ಬಿಗಿಯಾಗಿ ಕೂತ ತಿರುಪು ಆ ಪಟ್ಟಿಯನ್ನು ಹೋಗಗೊಡದು. ಪಟ್ಟಿ ತಿರುಪುಗಳ ನಡುವೆ ಅಲೆಯಂತೆ ಉಬ್ಬುತ್ತದೆ, ಕೊನೆಗೆ ತೂತಿನ ಅಂಚಿನಿಂದ ಸೀಳುತ್ತದೆ. ಹೆದ್ದಾರಿಯ ವೇಗದಲ್ಲಿ ಬಿಡಿಸಿಕೊಂಡ ಪಟ್ಟಿಗೆ ಹಿಂದಿನವನೇ ಗತಿ. ನಡುವಿನ ಒಂದು ತೂತನ್ನು ದುಂಡಾಗಿಟ್ಟು ಮಿಕ್ಕವನ್ನು ಉದ್ದವಾದ ಗಾಡಿಯಾಗಿ ಕೊರೆದರೆ ಈ ತೊಂದರೆ ತಪ್ಪುತ್ತದೆ. ರೈಲುಕಂಬಿಯ ಕೂಡುಗಳಲ್ಲಿ ಇದೇ ಉಪಾಯವನ್ನು ಹಿಂದಿನವರು ಮಾಡಿದ್ದರು.

ತುಕ್ಕು ಇದಕ್ಕಿಂತ ಮೆಲ್ಲಗೆ ಕೆಲಸ ಮಾಡುವ ಶತ್ರು. ಪಟ್ಟಿಗೂ ತಗಡಿಗೂ ನಡುವಣ ಕಿರುಸಂದಿಗೆ ನೀರು ಕೇಶಾಕರ್ಷಣದಿಂದ ತಾನೇ ಏರುತ್ತದೆ, ಕೆಮ್ಮಣ್ಣು ಸೇರಿ ಅಲ್ಲಿ ಹಸಿ ನಿಲ್ಲುತ್ತದೆ. ಸಂದಿಯ ಆಳದಲ್ಲಿ ಆಮ್ಲಜನಕ ಕಡಮೆ, ಬಾಯಿಯಲ್ಲಿ ಹೆಚ್ಚು. ಈ ವ್ಯತ್ಯಾಸವೇ ಒಂದು ವಿದ್ಯುತ್ಕೋಶವಾಗಿ ಆಮ್ಲಜನಕ ಕಡಮೆಯಿರುವ ಕಡೆಯ ಕಬ್ಬಿಣ ಕರಗತೊಡಗುತ್ತದೆ, ಎಂದರೆ ಕಣ್ಣಿಗೆ ಕಾಣದ ಕಡೆಯೇ ಕೊಳೆಯುತ್ತದೆ. ಬಣ್ಣ ಹಚ್ಚದೆ ಬಿಟ್ಟ ತೂತಿನ ಅಂಚು ಇದಕ್ಕೆ ಬಾಗಿಲು. ಮೂರು ಮಳೆಗಾಲದ ಅನಂತರ ಪಟ್ಟಿಯನ್ನು ಕಳಚಿದವರಿಗೆ ಅದರ ಹಿಂದೆ ಕಮಾನಿನ ಬದಲು ಕಸೂತಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕಾನೂನಿನ ಕಡೆಗೆ ತಿರುಗೋಣ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಗೊತ್ತುಮಾಡಿದ್ದಕ್ಕೆ ಭಿನ್ನವಾಗುವಂತೆ ಯಾವ ಒಡೆಯನೂ ವಾಹನವನ್ನು ಮಾರ್ಪಡಿಸಕೂಡದೆಂದು ಹೇಳುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೧೯ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಿತು. ಬಂಡಿಯ ಮುಂದೆ ಕಟ್ಟುವ ಉಕ್ಕಿನ ತಡೆಗಂಬಿಗಳ ವಿರುದ್ಧ ಕೇಂದ್ರ ಸರ್ಕಾರ ೨೦೧೭ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ಆ ಕಂಬಿಗಳನ್ನು ನಾವು ಸಮರ್ಥಿಸುವುದಿಲ್ಲ; ಪಾದಚಾರಿಯ ಮೂಳೆಗೂ ಗಾಳಿಚೀಲದ ಸಂವೇದಕಕ್ಕೂ ಅವು ಕೇಡು.

ಅಂಚುಪಟ್ಟಿಯ ಹೆಸರಾದರೋ ೫೨ನೆಯ ಕಲಮಿನಲ್ಲಿಲ್ಲ. ಆದುದರಿಂದ ಅದು ಮಾರ್ಪಾಟೋ ಅಲಂಕಾರವೋ ಎಂಬುದು ರಸ್ತೆಯಲ್ಲಿ ತಡೆದವರ ವಿವೇಚನೆಗೆ ಬಿಟ್ಟ ಮಾತಾಗುತ್ತದೆ. ಪರಿಣಾಮವಾಗಿ ನಮ್ಮಲ್ಲಿ ಒಂದು ವಿಚಿತ್ರ ಸ್ಥಿತಿ ಹುಟ್ಟಿದೆ. ಚಕ್ರವನ್ನು ಹೊರಕ್ಕೆ ಚಾಚಿ ಏನನ್ನೂ ಮುಚ್ಚದೆ ಕಲ್ಲು ಎರಚುತ್ತ ಹೋಗುವವನು ದೂರಕ್ಕೆ ಎದ್ದು ಕಾಣುವುದಿಲ್ಲ. ಅದನ್ನು ಮುಚ್ಚಲು ಪಟ್ಟಿ ಹಾಕಿಸಿದವನು ನೂರು ಗಜದಿಂದಲೇ ಕಾಣುತ್ತಾನೆ. ಇಬ್ಬರಲ್ಲಿ ಹೆಚ್ಚು ಅಪಾಯಕಾರಿ ಯಾರೆಂಬುದನ್ನು ಮೇಲಿನ ಲೆಕ್ಕಗಳು ಹೇಳುತ್ತವೆ. ದಂಡ ಮಾತ್ರ ಕಣ್ಣಿಗೆ ಬಿದ್ದವನ ಪಾಲು.

ನಿಷೇಧ ಸುಲಭ, ಪರೀಕ್ಷೆ ಕಷ್ಟ. ಆದರೂ ಪರೀಕ್ಷೆಯ ದಾರಿಯೇ ಮೇಲೆಂಬುದು ನಮ್ಮ ವಾದ. ಜರ್ಮನಿಯ ಮನ್‌ಹೈಮ್ ಪಟ್ಟಣದ ಬ್ರೂವರಿಯೊಂದರಲ್ಲಿ ೧೮೬೫ರಲ್ಲಿ ಉಗಿಯ ಕೊಪ್ಪರಿಗೆ ಸಿಡಿಯಿತು. ಮರುವರ್ಷವೇ ಕೊಪ್ಪರಿಗೆಗಳ ಒಡೆಯರು ತಾವಾಗಿ ಕೂಡಿ, ತಜ್ಞರಿಂದ ಪರೀಕ್ಷೆ ಮಾಡಿಸುವ ಒಂದು ಸಂಘವನ್ನು ಕಟ್ಟಿದರು. ಕೊಪ್ಪರಿಗೆಯನ್ನೇ ನಿಷೇಧಿಸಬೇಕೆಂದು ಅವರಿಗೆ ತೋರಲಿಲ್ಲ! ಅಂಥ ಸಂಘಗಳ ಸಂತತಿಯೇ ಇಂದು ಟ್ಯೂಫ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆ ದೇಶದಲ್ಲಿ ಚಕ್ರವನ್ನೋ ಅಂಚುಪಟ್ಟಿಯನ್ನೋ ಬದಲಿಸಿದವನು ಬಂಡಿಯನ್ನು ಪರೀಕ್ಷಕನಿಗೆ ತೋರಿಸಬಹುದು. ಸ್ಟಿಯರಿಂಗನ್ನು ತುದಿಯವರೆಗೆ ತಿರುಗಿಸಿದಾಗ ಟೈರು ಉಜ್ಜುವುದೆ, ಭಾರ ಹೇರಿದಾಗ ತಾಗುವುದೆ, ಅಗಲ ಪೂರ್ತಿ ಮುಚ್ಚಿದೆಯೆ ಎಂಬುದನ್ನು ಆತ ನೋಡುತ್ತಾನೆ. ಸರಿಯಿದ್ದರೆ ಬದಲಾವಣೆ ಬಂಡಿಯ ದಾಖಲೆಯಲ್ಲಿ ಸೇರುತ್ತದೆ.

ನಮ್ಮಲ್ಲಿ ಇದು ಅಸಾಧ್ಯವೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ವಾಹನಗಳ ಪರೀಕ್ಷೆಗೆಂದೇ ಪುಣೆಯಲ್ಲಿ ೧೯೬೬ರಲ್ಲಿ ಸ್ಥಾಪನೆಯಾದ ಸಂಸ್ಥೆ ದೇಶಕ್ಕಿದೆ. ಬಸವನಗುಡಿಯಲ್ಲಿ ೧೯೪೬ರಿಂದ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಕುಮಾರಸ್ವಾಮಿ ಬಡಾವಣೆಯಲ್ಲಿ, ಮೈಸೂರು ರಸ್ತೆಯಲ್ಲಿ ಮತ್ತೂ ಇವೆ. ಇವುಗಳ ಕಾರ್ಯಾಗ��ರಗಳಲ್ಲಿ ತೂಕದ ಯಂತ್ರವಿದೆ, ಅಳತೆಯ ಉಪಕರಣವಿದೆ, ಕೈಗೆ ಕೆಲಸ ಸಾಲದ ಬುದ್ಧಿವಂತ ಹುಡುಗರಿದ್ದಾರೆ. ಜಯನಗರದ ಪ್ರಾದೇಶಿಕ ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರರಿಗೆ ಇಂಥ ಕಾಲೇಜೊಂದರ ಪರೀಕ್ಷಾ ವರದಿ ಕೈಸೇರುವಂತಾದರೆ ಅವರ ಕೆಲಸವೂ ಹಗುರವಾದೀತು. ಕಾಯಿದೆಗೆ ಸ್ವಲ್ಪ ತಿದ್ದುಪಡಿ ಬೇಕಾಗುತ್ತದೆ, ನಿಜ. ದಂಡದ ಮೊತ್ತವನ್ನು ಗೊತ್ತುಮಾಡಲು ತಿದ್ದುಪಡಿ ಸಾಧ್ಯವಾಗಿದ್ದರೆ, ಪರೀಕ್ಷೆಯ ಶುಲ್ಕವನ್ನು ಗೊತ್ತುಮಾಡಲು ಏಕೆ ಆಗಬಾರದು?

ಅಲ್ಲಿಯವರೆಗೆ ಕೈ ನವೆಯುತ್ತಿರುವ ವಿದ್ಯಾರ್ಥಿಗಳಿಗೆ ದಾರಿಯಿಲ್ಲವೆಂದಲ್ಲ. ಕಾಲೇಜು ವಿದ್ಯಾರ್ಥಿಗಳೇ ಕಾಡುದಾರಿಯ ಬಂಡಿಯನ್ನು ಯೋಜಿಸಿ, ಕಟ್ಟಿ, ಓಡಿಸುವ ಬಾಹಾ ಸ್ಪರ್ಧೆ ೨೦೦೭ರಲ್ಲಿ ಇಂದೂರಿನ ಬಳಿಯ ಪೀಥಂಪುರದಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟಿತು. ಅಲ್ಲಿ ಚಕ್ರವನ್ನು ಎಷ್ಟು ಹೊರಕ್ಕೆ ಚಾಚಿದರೂ ಕೇಳುವವರು ಪೊಲೀಸರಲ್ಲ, ತೀರ್ಪುಗಾರರು. ಏಕೆ ಚಾಚಿದೆ ಎಂದು ಕೇಳುತ್ತಾರೆ, ಲೆಕ್ಕ ತೋರಿಸಬೇಕು. ಅಗಲ ಟೈರಿಗೆ ನಿಜವಾದ ಕೆಲಸ ಏನೆಂದು ನೋಡಬಯಸುವವರು ಕೊಡಗಿನ ಮಾಂದಲಪಟ್ಟಿಗೆ ಹತ್ತುವ ಜೀಪುಗಳನ್ನು ನೋಡಲಿ. ಅಲ್ಲಿನ ಕಲ್ಲುದಾರಿಯಲ್ಲಿ ಆ ಬಂಡಿಗಳ ಮೈಮೇಲೆ ಷೋಕಿಗಾಗಿ ಉಳಿದ ವಸ್ತು ಒಂದೂ ಕಾಣುವುದಿಲ್ಲ. ಇದ್ದದ್ದನ್ನು ದಾರಿಯೇ ಕಿತ್ತುಹಾಕಿರುತ್ತದೆ.

ಮನೆಯ ಬಂಡಿಗೆ ಈಗಾಗಲೇ ಅಗಲ ಟೈರು ಹಾಕಿಸಿದವರು ಮಾಡಬಹುದಾದ ಪರೀಕ್ಷೆಗೆ ಎರಡು ರೂಪಾಯಿಯೂ ಬೇಡ. ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳನ್ನು ನೇರವಾಗಿಟ್ಟು, ದಾರಕ್ಕೆ ಒಂದು ನಟ್ಟನ್ನು ಕಟ್ಟಿ, ಮಡ್ಗಾರ್ಡಿನ ಅಂಚಿನಿಂದ ತೂಗುಬಿಡಿ. ಕಮಾನಿನ ತುದಿಯಲ್ಲೊಮ್ಮೆ, ಅಲ್ಲಿಂದ ಹಿಂದಕ್ಕೆ ೫೦ ಡಿಗ್ರಿಯ ಕಡೆ ಇನ್ನೊಮ್ಮೆ. ದಾರವು ಟೈರನ್ನು ಮುಟ್ಟದೆ ನೆಲದವರೆಗೆ ಇಳಿದರೆ ಟೈರು ಮೈಯೊಳಗಿದೆ, ಪಟ್ಟಿಯ ಅಗತ್ಯವಿಲ್ಲ. ದಾರ ಟೈರಿನ ಮೇಲೆ ಒರಗಿದರೆ ಎಷ್ಟು ಮಿಲಿಮೀಟರು ಹೊರಚಾಚಿದೆಯೆಂದು ಸ್ಕೇಲಿನಿಂದ ಅಳೆಯಿರಿ. ಕಾರಣ ಬಿಲ್ಲೆಯಾಗಿದ್ದರೆ ಮೊದಲು ಬಿಲ್ಲೆಯನ್ನು ತೆಗೆಸಿ ಮತ್ತೆ ದಾರ ಇಳಿಬಿಡಿ. ಹೆಚ್ಚಿನ ಬಂಡಿಗಳಲ್ಲಿ ಅಷ್ಟಕ್ಕೇ ದಾರ ನೆಲ ಮುಟ್ಟುತ್ತದೆ.